ಓದುಗರ ಪ್ರಶ್ನೆ: ಮೊದಲ ಸಲ ಲೈವ್ ಗಿಟಾರ್ ರೆಕಾರ್ಡಿಂಗ್, ಯಾವ ಮೈಕ್ ತಗೊಳ್ಲಿ?

ಪ್ರಶ್ನೆ: ನಮಸ್ಕಾರ. ನಾನು ಅಕೌಸ್ಟಿಕ್ ಗಿಟಾರ್ ಬಾರಿಸ್ತೀನಿ, ಹಾಡೋದಿಲ್ಲ, ಬರೀ ಫಿಂಗರ್‌ಸ್ಟೈಲ್. ಮುಂದಿನ ತಿಂಗಳು ನಮ್ಮೂರಲ್ಲೇ ಒಂದು ಸಣ್ಣ ಹಾಲ್‌ನಲ್ಲಿ ಒಬ್ಬನೇ ಕೂತು ಒಂದು ಗಂಟೆ ಬಾರಿಸೋ ಪ್ರೋಗ್ರಾಂ ಇದೆ, ಎಪ್ಪತ್ತು ಎಂಬತ್ತು ಜನ ಬರಬಹುದು. ಅದನ್ನ ಚೆನ್ನಾಗಿ ರೆಕಾರ್ಡ್ ಮಾಡ್ಕೋಬೇಕು ಅಂತ ತುಂಬಾ ಆಸೆ. ಗಿಟಾರ್‌ನಲ್ಲಿ ಪಿಕಪ್ (ತಂತಿಯ ಕಂಪನವನ್ನ ನೇರ ಕೇಬಲ್‌ಗೆ ಕೊಡೋ ಸಾಧನ) ಇದೆ, ಸೌಂಡ್‌ನವರು ಮಿಕ್ಸರ್‌ನಿಂದ ಒಂದು ಲೈನ್ ಕೊಡ್ತೀವಿ ಅಂದಿದ್ದಾರೆ, ಫ್ರೆಂಡ್ ಹತ್ರ ಒಂದು ಹ್ಯಾಂಡಿ ರೆಕಾರ್ಡರ್ ಇದೆ. ಹತ್ತು ಸಾವಿರದ ತನಕ ಖರ್ಚು ಮಾಡೋಕೆ ರೆಡಿ, ಯಾವ ಮೈಕ್ ತಗೊಳ್ಲಿ?
— ಓದುಗರು, ಶಿವಮೊಗ್ಗ

ಉತ್ತರ: ಮೈಕ್ ವಿಷಯ ಆಮೇಲೆ ನೋಡೋಣ, ಮೊದಲು ಗಿಟಾರ್ ತಗೊಂಡು ಆ ಹಾಲ್‌ಗೆ ಒಂದ್ಸಲ ಹೋಗ್ಬನ್ನಿ, ಅದೂ ಪ್ರೋಗ್ರಾಂ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ. ಸಂಜೆ ಆರೂವರೆಗೆ ಪಕ್ಕದ ರೋಡಿನ ಹಾರ್ನ್ ಎಷ್ಟು ಒಳಗೆ ಬರುತ್ತೆ, ಫ್ಯಾನ್ ಹಾಕಿದ್ರೆ ಗರಗರ ಅನ್ನುತ್ತಾ, ಸ್ಟೇಜ್ ಲೈಟಿನ ಡಿಮ್ಮರ್ ಗುಂಯ್ ಅನ್ನುತ್ತಾ, ಮೇಲೆ ಶೀಟ್ ಇದ್ರೆ ಮಳೆ ಬಂದಾಗ ಏನು ಗತಿ, ಇದೆಲ್ಲ ಅಲ್ಲಿ ಸುಮ್ನೆ ಕೂತು ಕೇಳಿದ್ರೇನೇ ಗೊತ್ತಾಗೋದು. ಬೆರಳಲ್ಲಿ ಮೀಟೋ ಗಿಟಾರ್ ಬಹಳ ಮೆತ್ತಗಿನ ವಾದ್ಯ, ಅದನ್ನ ಹಿಡಿಯೋಕೆ ಗೇನ್ (ಮೈಕ್ ಹಿಡಿದ ಸದ್ದನ್ನ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋ ಅಳತೆ) ಏರಿಸಿದಷ್ಟೂ ಫ್ಯಾನ್ ಸದ್ದೂ ಜೊತೆಗೇ ಏರುತ್ತೆ, ಮೈಕ್‌ಗೆ ಎಷ್ಟೇ ದುಡ್ಡು ಹಾಕಿದ್ರೂ ಇದು ತಪ್ಪಲ್ಲ. ಆ ಒಂದು ಗಂಟೆ ಫ್ಯಾನ್ ಆಫ್ ಮಾಡಿಸೋಕೆ ಆಗುತ್ತಾ ಅಂತ ಹಾಲ್‌ನವರ ಹತ್ರ ಈಗಲೇ ಮಾತಾಡಿಟ್ಕೊಳ್ಳಿ. ನನ್ನ ಪ್ರಕಾರ ನಿಮ್ಮ ಹತ್ತು ಸಾವಿರಕ್ಕಿಂತ ಈ ಮಾತುಕತೆಗೇ ಬೆಲೆ ಜಾಸ್ತಿ.

ಜಾಗ ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಉದಾಹರಣೆ. ಮೋಹನ ವೀಣೆ ನುಡಿಸೋ ಪಂಡಿತ್ ವಿಶ್ವಮೋಹನ್ ಭಟ್ ಮತ್ತು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರಿಗೆ 1994ರಲ್ಲಿ ಗ್ರ್ಯಾಮಿ ತಂದುಕೊಟ್ಟ ಆಲ್ಬಂ ಇದೆಯಲ್ಲ, ಅದು ಸ್ಟುಡಿಯೋದಲ್ಲಿ ಆಗಿದ್ದಲ್ಲ, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಒಂದು ಚಾಪೆಲ್ ಒಳಗೆ 1992ರಲ್ಲಿ ಆಗಿದ್ದು. ಆ ಕಟ್ಟಡದ ಗಾಳಿ ಕೂಡ ಅದರಲ್ಲಿ ಕೇಳುತ್ತೆ. ನಿಮ್ಮ ಹಾಲ್‌ನಲ್ಲಿ ಮಧ್ಯ ನಿಂತು ಒಂದ್ಸಲ ಜೋರಾಗಿ ಚಪ್ಪಾಳೆ ಹೊಡೀರಿ. ಟಪ್ ಅಂತ ಸತ್ತುಹೋದ್ರೂ ತೊಂದರೆ ಇಲ್ಲ, ಉದ್ದಕ್ಕೆ ಮೆತ್ತಗೆ ಹರಡಿದ್ರೆ ಅದೃಷ್ಟ, ಆದ್ರೆ ಟರ್ರ್ ಅಂತ ಎರಡು ಗೋಡೆ ಮಧ್ಯ ಪುಟಿದ್ರೆ ನಿಮ್ಮ ಹಿಂದೆ ದಪ್ಪ ಪರದೆ, ಕೆಳಗೆ ಜಮಖಾನ ಬೇಕೇ ಬೇಕು. ಜನ ತುಂಬಿದ ಮೇಲೆ ಪ್ರತಿಧ್ವನಿ ಸ್ವಲ್ಪ ಕಮ್ಮಿ ಆಗುತ್ತೆ, ಅದನ್ನೂ ಲೆಕ್ಕದಲ್ಲಿಟ್ಕೊಳ್ಳಿ.

ಈಗ ಮೈಕ್ ಎಲ್ಲಿಡೋದು ಅನ್ನೋದಕ್ಕೆ ಬರೋಣ, ಇಡೀ ರೆಕಾರ್ಡಿಂಗ್ ನಿಂತಿರೋದೇ ಇದರ ಮೇಲೆ. ಹೊಸಬರು ಎಲ್ರೂ ಸೌಂಡ್ ಹೋಲ್, ಅಂದ್ರೆ ಗಿಟಾರ್ ಡಬ್ಬಿಯ ದುಂಡು ತೂತಿನ ಎದುರಿಗೇ ಇಡ್ತಾರೆ, ಸದ್ದು ಅಲ್ಲಿಂದ ತಾನೇ ಬರೋದು ಅಂತ. ಆದ್ರೆ ಡಬ್ಬಿಯೊಳಗಿನ ಗಾಳಿ ತಾನಾಗೇ ಮೊಳಗೋ ಒಂದು ಕಂಪನ ಇರುತ್ತೆ, ದೊಡ್ಡ ಸೈಜಿನ ಗಿಟಾರ್‌ಗಳಲ್ಲಿ ಅದು ಸುಮಾರು 100 ಹರ್ಟ್ಸ್ ಆಸುಪಾಸು. ಆರನೇ ತಂತಿಯ ಮೂರನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಒತ್ತಿದ್ರೆ ಬರೋ ಜಿ ಸ್ವರ 98 ಹರ್ಟ್ಸ್, ಹಂಗಾಗಿ ಹೋಲ್ ಎದುರು ಮೈಕ್ ಇದ್ರೆ ಆ ಒಂದು ಸ್ವರ ಮಾತ್ರ ಬೂಂ ಅಂತ ಎದ್ದು ಬರುತ್ತೆ, ಅದರ ಪಕ್ಕದ್ದೆಲ್ಲ ಬಡವಾಗಿ ಕೇಳುತ್ತೆ. ಇದನ್ನ ಆಮೇಲೆ ಈಕ್ಯೂ (ದಪ್ಪ, ತೆಳು ದನಿಗಳನ್ನ ಬೇರೆ ಬೇರೆಯಾಗಿ ಏರಿಸಿ ಇಳಿಸೋದು) ಹಾಕಿ ತೆಗೆಯೋಕೆ ಹೋದ್ರೆ ಗಿಟಾರಿನ ಮೈತುಂಬಿದ ದನಿನೇ ಹೋಗ್ಬಿಡುತ್ತೆ. ಅದರ ಬದಲು ಕತ್ತು ಡಬ್ಬಿಗೆ ಸೇರೋ ಜಾಗ, ಅಂದ್ರೆ ಹನ್ನೆರಡು ಹದಿನಾಲ್ಕನೇ ಫ್ರೆಟ್ ಹತ್ರ ಮೈಕ್ ತಿರುಗಿಸಿ, ಒಂದಡಿ ದೂರ ಇಡಿ. ಒಂದು ಕಡೆಯಿಂದ ಮಾತ್ರ ಕೇಳಿಸಿಕೊಳ್ಳೋ ಮೈಕ್‌ಗಳು ಹತ್ತಿರ ಹೋದಷ್ಟೂ ಬೇಸ್ ಊದಿಸ್ತವೆ, ಅದಕ್ಕೇ ಒಂದು ಗೇಣಿಗಿಂತ ಹತ್ರ ತರಬೇಡಿ.

ಆದ್ರೆ ಇದು ಶುರು ಮಾಡೋ ಜಾಗ ಅಷ್ಟೇ, ಪ್ರತಿ ಗಿಟಾರೂ ಬೇರೆ. ನೀವು ಕೂರೋ ಕುರ್ಚಿಯಲ್ಲಿ ಗಿಟಾರ್ ಬರೋ ಇನ್ನೊಬ್ಬರನ್ನ ಕೂರಿಸಿ ಬಾರಿಸೋಕೆ ಹೇಳಿ, ನೀವು ಒಂದು ಕಿವಿಗೆ ಬೆರಳಿಟ್ಕೊಂಡು ಇನ್ನೊಂದು ಕಿವಿಯನ್ನ ಮೈಕ್ ಇರೋ ಎತ್ತರಕ್ಕೆ ತಂದು ಬ್ರಿಡ್ಜ್ (ತಂತಿಗಳನ್ನ ಡಬ್ಬಿಗೆ ಕಟ್ಟಿರೋ ಜಾಗ) ಕಡೆಯಿಂದ ಕತ್ತಿನ ಕಡೆಗೆ ನಿಧಾನಕ್ಕೆ ಸರೀತಾ ಹೋಗಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮಧ್ಯ ಎಲ್ಲೋ ಒಂದು ಕಡೆ ದಪ್ಪ ತಂತಿನೂ ಸಣ್ಣ ತಂತಿನೂ ಸಮ ಆಗಿ ಕೇಳೋ ಜಾಗ ಸಿಗುತ್ತೆ, ನಿಮ್ಮ ಕಿವಿ ಅಲ್ಲಿ ಎಲ್ಲಿತ್ತೋ ಮೈಕ್ ಅಲ್ಲಿಗೇ ಬರ್ಲಿ. ನೆಲಕ್ಕೆ ಟೇಪ್ ಅಂಟಿಸಿ ಸ್ಟ್ಯಾಂಡ್ ಕಾಲು, ಕುರ್ಚಿ ಕಾಲು ಗುರುತು ಮಾಡಿಡಿ.

ಫ್ರೆಂಡ್ ಹತ್ರ ಇರೋದು ಯಾವ ರೆಕಾರ್ಡರ್ ಅಂತ ನೋಡ್ಕೊಳ್ಳಿ. ಝೂಮ್, ಟ್ಯಾಸ್ಕ್ಯಾಮ್‌ನ ಕಂಪನಿಗಳ ನಾಲ್ಕು ಟ್ರ್ಯಾಕ್‌ನ ಮಾಡೆಲ್ ಆದ್ರೆ ಅದರ ಸ್ವಂತ ಮೈಕೂ ಮಿಕ್ಸರ್ ಲೈನೂ ಒಟ್ಟಿಗೇ ಬೇರೆ ಬೇರೆ ಫೈಲ್ ಆಗಿ ರೆಕಾರ್ಡ್ ಆಗುತ್ತೆ, ಅದಕ್ಕಿಂತ ಒಳ್ಳೇದು ನಿಮಗೆ ಬೇಡ. ಎರಡೇ ಟ್ರ್ಯಾಕ್‌ನ ಸಣ್ಣದಾದ್ರೆ ಲೈನ್ ಚುಚ್ಚಿದ ತಕ್ಷಣ ಮೈಕ್ ಬಂದ್ ಆಗುತ್ತೆ, ಆಗ ರೆಕಾರ್ಡರನ್ನ ಮೈಕ್ ಥರಾನೇ ಗಿಟಾರ್ ಎದುರು ಸ್ಟ್ಯಾಂಡ್‌ಗೆ ಹಾಕಿ, ಮಿಕ್ಸರ್ ಲೈನನ್ನ ಬೇರೆ ಲ್ಯಾಪ್‌ಟಾಪ್‌ಗೋ ಅಥವಾ ಮಿಕ್ಸರ್‌ನಲ್ಲೇ ಪೆನ್‌ಡ್ರೈವ್ ರೆಕಾರ್ಡಿಂಗ್ ಇದ್ರೆ ಅದಕ್ಕೋ ಹಾಕಿಸಿ. ಲೈನ್ ಅನ್ನೋದು ಇನ್ಶೂರೆನ್ಸ್ ಇದ್ದಂಗೆ, ಮೈಕ್‌ನಲ್ಲಿ ಏನಾದ್ರೂ ಎಡವಟ್ಟಾದ್ರೆ ಕೈ ಹಿಡಿಯೋಕೆ. ಅದನ್ನ ಫೇಡರ್‌ಗಿಂತ (ಮಿಕ್ಸರ್‌ನಲ್ಲಿ ಸೌಂಡ್ ಏರಿಸಿ ಇಳಿಸೋ ಜಾರುಗುಂಡಿ) ಮುಂಚೆ ತೆಗೆದುಕೊಡಿ ಅಂತ ಸೌಂಡ್‌ನವರಿಗೆ ಹೇಳಿ, ಇಲ್ಲಾಂದ್ರೆ ಅವರು ಹಾಲ್‌ಗೋಸ್ಕರ ಸೌಂಡ್ ಏರಿಸಿ ಇಳಿಸಿದ್ದೆಲ್ಲ ನಿಮ್ಮ ರೆಕಾರ್ಡಿಂಗ್‌ಗೂ ಬರುತ್ತೆ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿದಾಗ ಗುಂಂ ಅಂತ 50 ಹರ್ಟ್ಸ್ ಹಮ್ ಬಂದ್ರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ.

ಸೆಟ್ಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ವೇವ್ ಫೈಲ್, 24 ಬಿಟ್, ವಿಡಿಯೋ ಜೊತೆ ಸೇರಿಸೋದಾದ್ರೆ 48 ಕಿಲೋಹರ್ಟ್ಸ್, ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತೆ. ಆಟೋ ಲೆವೆಲ್ ಅಂತ ಏನಿದ್ರೂ ಆಫ್, ಅದು ನೀವು ಮೆತ್ತಗೆ ಬಾರಿಸಿದಾಗ ಹಾಲ್‌ನ ಕೆಮ್ಮನ್ನೆಲ್ಲ ಮೇಲೆತ್ತುತ್ತೆ, ಜೋರಾಗಿ ಮೀಟಿದಾಗ ಅದುಮಿಬಿಡುತ್ತೆ, ಬಾರಿಸೋದರಲ್ಲಿ ನೀವು ತಂದ ಏರಿಳಿತಾನೇ ಮಾಯ. ಗೇನ್ ಕೈಯಲ್ಲೇ ಸೆಟ್ ಮಾಡಿ, ನಿಮ್ಮ ಅತಿ ಜೋರಿನ ಭಾಗ ಮೀಟರ್‌ನಲ್ಲಿ ಮೈನಸ್ 12 ಡಿಬಿ (ಸೊನ್ನೆ ದಾಟಿದ್ರೆ ಸದ್ದು ಒಡೆಯುತ್ತೆ) ಹತ್ರ ಬಂದು ನಿಲ್ಲೋ ಹಾಗೆ. ಸ್ಟೇಜ್ ಹತ್ತಿದ ಮೇಲೆ ಎಲ್ಲರೂ ಮನೇಲಿ ಬಾರಿಸಿದ್ದಕ್ಕಿಂತ ಜೋರಾಗಿ ಮೀಟ್ತಾರೆ, ಆ ಜಾಗ ಉಳಿದಿರ್ಬೇಕು. ಇನ್ನೊಂದು ವಿಷ್ಯ ಯಾರೂ ಹೇಳಲ್ಲ: ಗಿಟಾರ್‌ಗಿಂತ ಚಪ್ಪಾಳೆ ಜೋರು. ಬಾರಿಸೋವಾಗ ಎಲ್ಲಾ ಸರಿ ಇದ್ದು ಚಪ್ಪಾಳೆ ಬಂದಾಗ ಚರ್ರ್ ಅಂತ ಒಡೆದುಹೋಗೋದು ಇದಕ್ಕೇ, ಹಾಗಾಗಿ ಸೌಂಡ್ ಚೆಕ್‌ನಲ್ಲಿ ನಾಲ್ಕು ಜನರನ್ನ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡಿಸಿ ನೋಡಿ. 32 ಬಿಟ್ ಫ್ಲೋಟ್ (ತೀರಾ ಜೋರು ಸದ್ದನ್ನೂ ಒಡೆಯದೆ ಹಿಡಿಯೋ ಬಗೆ) ಇರೋ ಹೊಸ ರೆಕಾರ್ಡರ್ ಆದ್ರೆ ಈ ಚಿಂತೆ ಅಷ್ಟಿಲ್ಲ.

ಅಷ್ಟು ಸಣ್ಣ ಹಾಲ್‌ಗೆ ಸ್ಪೀಕರ್ ಬೇಕೇ ಬೇಕಾ ಅಂತನೂ ಒಂದ್ಸಲ ಯೋಚಿಸಿ. ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ದೊಡ್ಡ ದೊಡ್ಡ ಸಭಾಂಗಣಗಳಲ್ಲೂ ಮೈಕ್ ಬೇಡ ಅಂತ ಹಟ ಹಿಡಿದು ಬಾರಿಸ್ತಿದ್ರು. ಕುರ್ಚಿಗಳನ್ನ ಅರ್ಧಚಂದ್ರದ ಥರ ಹತ್ತಿರ ಹಾಕಿದ್ರೆ ಎಪ್ಪತ್ತು ಜನಕ್ಕೆ ಬರೀ ಗಿಟಾರ್ ಕೇಳಿಸಬಹುದು, ರೆಕಾರ್ಡಿಂಗ್‌ಗೆ ಅದಕ್ಕಿಂತ ಸ್ವಚ್ಛ ಇನ್ನೊಂದಿಲ್ಲ. ಸ್ಪೀಕರ್ ಬೇಕೇ ಅಂದ್ರೆ ಅವು ನಿಮ್ಮ ಮೈಕ್‌ಗಿಂತ ಮುಂದೆ ಜನರ ಕಡೆಗಿರ್ಲಿ, ಸೌಂಡ್ ಸ್ವಲ್ಪವೇ ಇರ್ಲಿ, ಕಾಲ ಬುಡದ ಮಾನಿಟರ್ (ನಿಮಗೇ ಕೇಳಿಸೋಕೆ ಇಡೋ ಸ್ಪೀಕರ್) ಇಲ್ಲದೇ ಆದ್ರೆ ತುಂಬಾ ಒಳ್ಳೇದು.

ಮಿಕ್ಕಿದ್ದು ಸಣ್ಣಪುಟ್ಟದ್ದು, ಆದ್ರೆ ರೆಕಾರ್ಡಿಂಗ್ ಹಾಳಾಗೋದು ಇದರಲ್ಲೇ. ತಂತಿ ಎರಡು ದಿನ ಮುಂಚೆ ಬದಲಾಯಿಸಿ ಎಳೆದೆಳೆದು ಪಳಗಿಸಿ, ಅವತ್ತೇ ಹಾಕಿದ್ರೆ ಶ್ರುತಿ ನಿಲ್ಲಲ್ಲ. ಕುರ್ಚಿ ಕಿರಗುಟ್ಟಬಾರದು. ವಾಚ್ ಬಿಚ್ಚಿ, ಡಬ್ಬಿಗೆ ಉಜ್ಜೋ ಗುಂಡಿ ಇರೋ ಶರ್ಟ್ ಬೇಡ. ಕಾಲಲ್ಲಿ ತಾಳ ಹಾಕೋ ಅಭ್ಯಾಸ ಇದ್ರೆ ಮರದ ಸ್ಟೇಜ್ ಮೇಲೆ ಅದು ಸ್ಟ್ಯಾಂಡ್ ಮೂಲಕ ದಡ್ ದಡ್ ಅಂತ ಮೈಕ್‌ಗೆ ಹತ್ತುತ್ತೆ, ಸ್ಟ್ಯಾಂಡ್ ಕೆಳಗೆ ಮಡಚಿದ ಕಂಬಳಿ ಹಾಕಿ. ಜನ ಬರೋಕೆ ಮುಂಚೆನೇ ರೆಕಾರ್ಡ್ ಒತ್ತಿ, ಪ್ರೋಗ್ರಾಂ ಮುಗಿಯೋ ತನಕ ಮಧ್ಯ ನಿಲ್ಲಿಸೋಕೇ ಹೋಗ್ಬೇಡಿ. ಪ್ರತಿ ಪೀಸ್ ಮುಗಿದಾಗ ಕೊನೇ ಸ್ವರ ಪೂರ್ತಿ ಕರಗೋ ತನಕ ಕೈ ತಂತಿ ಮೇಲೆ ಎತ್ತಿದ ಹಾಗೇ ಹಿಡಿದಿರಿ, ಕೈ ಇಳಿಸಿದ ಮೇಲೇನೇ ಜನ ಚಪ್ಪಾಳೆ ಹೊಡೀತಾರೆ, ಆ ಬಾಲ ಸಿಕ್ಕಿದ್ರೆ ಎಡಿಟ್ ಮಾಡೋದು ಎಷ್ಟೋ ಸಲೀಸು.

ಹತ್ತು ಸಾವಿರ? ಒಂದು ಗಟ್ಟಿ ಬೂಮ್ ಸ್ಟ್ಯಾಂಡ್, ಒಳ್ಳೇ ಕೇಬಲ್, ಹೊಸ ಮೆಮೊರಿ ಕಾರ್ಡ್, ಹೊಸ ಬ್ಯಾಟರಿ, ಒಂದು ಸೆಟ್ ತಂತಿ ತಗೊಳ್ಳಿ. ಉಳಿದ ದುಡ್ಡು ಹಾಗೇ ಇರ್ಲಿ, ಈ ರೆಕಾರ್ಡಿಂಗ್ ಕೇಳಿದ ಮೇಲೆ ಏನು ಸಾಲಲ್ಲ ಅಂತ ನಿಮಗೇ ಗೊತ್ತಾಗುತ್ತೆ, ಮೈಕ್ ಆಗ ತಗೊಳ್ಳಿ.

ಪ್ರಶ್ನೆ: ಪ್ರೋಗ್ರಾಂ ಆಗಿಹೋಗಿದೆ, ನಮ್ಮ ಹತ್ರ ಉಳಿದಿರೋದು ಪಿಕಪ್‌ನಿಂದ ಬಂದ ಲೈನ್ ರೆಕಾರ್ಡಿಂಗ್ ಮಾತ್ರ. ಕೇಳಿದ್ರೆ ರಬ್ಬರ್ ಬ್ಯಾಂಡ್ ಎಳೆದ ಹಾಗೆ ಟಕ್ ಟಕ್ ಅನ್ನುತ್ತೆ, ಮರದ ವಾದ್ಯ ಅಂತನೇ ಅನ್ಸಲ್ಲ. ಏನಾದ್ರೂ ಮಾಡಬಹುದಾ?
— ಓದುಗರು, ಧಾರವಾಡ

ಉತ್ತರ: ಖಂಡಿತ ಮಾಡಬಹುದು, ಕೈ ಬಿಡಬೇಡಿ. ನಿಮ್ಮದು ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಒರಗೋ ಪಟ್ಟಿ) ಕೆಳಗೆ ಕೂತಿರೋ ಪೀಜೋ ಪಿಕಪ್ ಇರ್ಬೇಕು. ಅದು ತಂತಿ ಒತ್ತೋ ಒತ್ತಡ ಮಾತ್ರ ಹಿಡಿಯುತ್ತೆ, ಮರದ ಹಲಗೆ ಅಲುಗಿ ಗಾಳಿಗೆ ಕೊಡೋ ದನಿ ಅದಕ್ಕೆ ಸಿಗೋದೇ ಕಮ್ಮಿ. ಮೊದಲು 1 ರಿಂದ 3 ಕಿಲೋಹರ್ಟ್ಸ್ ನಡುವೆ ಆ ಟಕ್ ಎಲ್ಲಿದೆ ಅಂತ ಹುಡುಕಿ ಮೂರ್ನಾಲ್ಕು ಡಿಬಿ ಇಳಿಸಿ, ಸಣ್ಣ ಕೋಣೆಯ ರಿವರ್ಬ್ (ಕೃತಕ ಪ್ರತಿಧ್ವನಿ) ಚೂರೇ ಚೂರು ಸೇರಿಸಿ. ಇದರಿಂದಲೇ ಅರ್ಧ ಸರಿಹೋಗುತ್ತೆ.

ಇನ್ನರ್ಧಕ್ಕೆ ಒಂದು ದಾರಿ ಇದೆ, ಬಾರಿಸಿದ ಗಿಟಾರ್ ಇನ್ನೂ ನಿಮ್ಮ ಹತ್ರನೇ ಇದ್ರೆ ಮಾತ್ರ. ಮನೇಲಿ ಅದನ್ನೇ ಪಿಕಪ್‌ಗೂ ಒಳ್ಳೇ ಮೈಕ್‌ಗೂ ಒಟ್ಟಿಗೇ ಹಾಕಿ ಎಲ್ಲಾ ತಂತಿ, ಎಲ್ಲಾ ಫ್ರೆಟ್ ಬರೋ ಹಾಗೆ ಕೆಲವು ನಿಮಿಷ ಬಾರಿಸಿ ರೆಕಾರ್ಡ್ ಮಾಡಿ. ಈ ಎರಡನ್ನ ಹೋಲಿಸಿ ವ್ಯತ್ಯಾಸವನ್ನ ಇಂಪಲ್ಸ್ ರೆಸ್ಪಾನ್ಸ್ ಅನ್ನೋ ಫೈಲ್ ಮಾಡಿಕೊಡೋ ಸಾಫ್ಟ್‌ವೇರ್‌ಗಳಿವೆ, ಆ ಫೈಲನ್ನ ಹಳೇ ರೆಕಾರ್ಡಿಂಗ್ ಮೇಲೆ ಹಾಕಿದ್ರೆ ಮೈಕ್‌ನಲ್ಲಿ ಹೇಗೆ ಕೇಳ್ತಿತ್ತೋ ಅದಕ್ಕೆ ಸಾಕಷ್ಟು ಹತ್ತಿರ ಬರುತ್ತೆ. ಪೂರ್ತಿ ಹಾಕಬೇಡಿ, ಮೂಲದ ಜೊತೆ ಅರ್ಧಂಬರ್ಧ ಬೆರೆಸಿ. ಮುಂದಿನ ಸಲ ಮೈಕ್ ಮತ್ತು ಲೈನ್ ಎರಡೂ ಇದ್ದಾಗ ಬೆರೆಸೋಕೆ ಮುಂಚೆ ಅವನ್ನ ಜೋಡಿಸ್ಕೊಳ್ಳೋದು ಮರೀಬೇಡಿ, ಸದ್ದಿಗೆ ಒಂದು ಮೀಟರ್ ದಾಟೋಕೆ ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು, ಅಷ್ಟು ಹಿಂದೆ ಬಿದ್ರೂ ಎರಡೂ ಸೇರಿದಾಗ ಟೊಳ್ಳು ದನಿ ಬರುತ್ತೆ. ಶುರುವಿನಲ್ಲಿ ಗಿಟಾರ್ ಡಬ್ಬಿ ಮೇಲೆ ಒಂದ್ಸಲ ತಟ್ಟಿದ್ರೆ ಎರಡು ಫೈಲ್‌ನಲ್ಲೂ ಆ ಗುರುತು ಚೂಪಾಗಿ ಕಾಣುತ್ತೆ, ಎಳೆದು ಸರಿ ಮಾಡೋಕೆ ಸುಲಭ.

ಪ್ರಶ್ನೆ: ಲೈವ್‌ನಲ್ಲಿ ತಪ್ಪು ಬಾರಿಸಿದ ಕಡೆ ಮನೇಲಿ ಮತ್ತೆ ಬಾರಿಸಿ ಅಂಟಿಸಬಹುದಾ?
— ಓದುಗರು, ಬೆಂಗಳೂರು

ಉತ್ತರ: ಮನೇಲಿ ಬಾರಿಸಿದ್ದು ಕೂಡಲ್ಲ, ಕೋಣೆ ಬೇರೆ ಆದ ತಕ್ಷಣ ದನಿ ಬದಲಾಗುತ್ತೆ. ನಿಮಗೆ ಭಯ ಇರೋ ಭಾಗಗಳನ್ನ ಸೌಂಡ್ ಚೆಕ್ ಮುಗಿದ ಕೂಡಲೇ ಅದೇ ಕುರ್ಚಿ, ಅದೇ ಮೈಕ್, ಅದೇ ಗೇನ್‌ನಲ್ಲಿ ಒಂದೆರಡು ಸಲ ಬಾರಿಸಿ ಇಟ್ಕೊಳ್ಳಿ. ಹತ್ತಿರದ ಮೈಕ್ ಆದ್ರೆ ಇದು ಚೆನ್ನಾಗಿ ಕೂಡುತ್ತೆ, ದೂರದ ಮೈಕ್‌ನಲ್ಲಿ ಖಾಲಿ ಹಾಲ್‌ಗೂ ತುಂಬಿದ ಹಾಲ್‌ಗೂ ವ್ಯತ್ಯಾಸ ಗೊತ್ತಾಗಿಬಿಡುತ್ತೆ. ಆದ್ರೆ ಒಂದು ಸ್ವರ ಮುಗ್ಗರಿಸಿದ್ದು, ಬೆರಳು ಜಾರಿ ಕೀಂ ಅಂದಿದ್ದು, ಯಾರೋ ಕೆಮ್ಮಿದ್ದು, ಇಂಥದ್ದನ್ನೆಲ್ಲ ದಯವಿಟ್ಟು ಹಾಗೇ ಬಿಡಿ, ಕೇಳೋರು ಅದನ್ನ ತಪ್ಪು ಅಂತ ಹಿಡಿಯಲ್ಲ. ತಂತಿ ಕಡಿದು ಪೀಸೇ ನಿಂತುಹೋಗಿದ್ರೆ ಮಾತ್ರ ಅಂಟಿಸಿ, ಅಂಟಿಸಿದ್ದೀನಿ ಅಂತ ಕೆಳಗೆ ಒಂದು ಸಾಲು ಬರೀರಿ. ಎಡಿಟ್ ಮಾಡೋದೆಲ್ಲ ಕಾಪಿ ಮೇಲೆ, ಒರಿಜಿನಲ್ ಫೈಲ್‌ಗಳನ್ನ ಅವತ್ತೇ ರಾತ್ರಿ ಎರಡು ಬೇರೆ ಬೇರೆ ಡ್ರೈವ್‌ಗೆ ಹಾಕಿಟ್ಟ ಮೇಲೇನೇ ಫ್ರೆಂಡ್‌ಗೆ ಕಾರ್ಡ್ ವಾಪಸ್ ಕೊಡಿ.