ಜ್ವರ ಬಿಟ್ಟರೂ ಗಬ್ಬ ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮ ಹಳ್ಳಿಕಾರ್ ಬೀಜದ ಹೋರಿಗೆ ಒಂದೂವರೆ ತಿಂಗಳ ಹಿಂದೆ ಉಣ್ಣೆ ಜ್ವರ ಬಂದು ನಾಲ್ಕು ದಿನ ಮೇವು ಮುಟ್ಟಲಿಲ್ಲ. ರಕ್ತ ಪರೀಕ್ಷೆಯಲ್ಲಿ ಥೈಲೇರಿಯಾ ಎಂಬ, ಉಣ್ಣೆ ಕಡಿತದಿಂದ ಹರಡುವ ರೋಗಾಣು ಕಂಡುಬಂದು ವೈದ್ಯರು ಬುಪಾರ್ವಕ್ವೋನ್ ಚುಚ್ಚುಮದ್ದು ಕೊಟ್ಟರು. ಈಗ ಹೋರಿ ಚೆನ್ನಾಗಿದೆ. ಆದರೆ ಆಮೇಲೆ ಈ ಹೋರಿ ಕೊಡಿಸಿದ ಮೂರು ಹಸುಗಳೂ ಮತ್ತೆ ಬೆದೆಗೆ ಬಂದಿವೆ. ಇಂಜೆಕ್ಷನ್ನಿನಿಂದ ಬೀಜ ಸತ್ತಿದೆ, ಮಾರಿಬಿಡಿ ಎಂದು ಊರಿನವರು ಹೇಳುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ನಾಗಮಂಗಲ ತಾಲ್ಲೂಕು

ಉತ್ತರ: ಸದ್ಯಕ್ಕೆ ಮಾರಬೇಡಿ. ತಪ್ಪು ಹೊರಿಸಬೇಕಾದದ್ದು ಇಂಜೆಕ್ಷನ್ನಿನ ಮೇಲಲ್ಲ, ಜ್ವರದ ಮೇಲೆ. ಹೋರಿಯ ವೃಷಣಗಳು ಮೈಯ ಶಾಖಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ಬೆಳೆಯುತ್ತವೆ. ಥೈಲೇರಿಯಾದಲ್ಲಿ ಜ್ವರ 41 ಡಿಗ್ರಿ ಸೆಲ್ಸಿಯಸ್ ದಾಟಿ ದಿನಗಟ್ಟಲೆ ನಿಂತಾಗ, ಆ ಹೊತ್ತಿನಲ್ಲಿ ಬೆಳೆಯುತ್ತಿದ್ದ ವೀರ್ಯಾಣುಗಳು ಬಾಲ ಸುರುಳಿಗೊಂಡೋ ತಲೆ ವಿಕಾರಗೊಂಡೋ ಕೆಡುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ, ಹೊರಬರುವ ದಾರಿಯಲ್ಲಿ ಮತ್ತೆ ಎಂಟು ಹತ್ತು ದಿನ ಬೇಕು. ಹೀಗಾಗಿ ಹೋರಿ ಮೇವು ತಿಂದು, ಹಸುವಿನ ಮೇಲೆ ಲವಲವಿಕೆಯಿಂದ ಹಾರುತ್ತಿದ್ದರೂ ಅದರಿಂದ ಬರುವುದು ಜ್ವರದ ದಿನಗಳ ಕೆಟ್ಟ ಬೀಜವೇ ಆಗಿರುತ್ತದೆ. ಜ್ವರ ಬಿಟ್ಟ ದಿನದಿಂದ ಎರಡೂವರೆ ತಿಂಗಳು ಎಣಿಸಿ, ಅಲ್ಲಿಯವರೆಗೆ ಬೇರೆಯವರ ಹಸುಗಳಿಗೆ ಈ ಹೋರಿ ಕೊಡಿಸಬೇಡಿ. ಅವರ ಒಂದೊಂದು ಬೆದೆಯೂ 21 ದಿನದ ನಷ್ಟ.

ಆಮೇಲೆ ಹಾಸನದ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವೀರ್ಯ ಪರೀಕ್ಷೆ ಮಾಡಿಸಿ. ಹೋಗುವಾಗ ಔಷಧದ ಚೀಟಿಯನ್ನೂ ಒಯ್ಯಿರಿ. ಬುಪಾರ್ವಕ್ವೋನ್ ಜೊತೆಗೆ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಕೊಟ್ಟಿದ್ದರೆ ವೈದ್ಯರಿಗೆ ಅದು ತಿಳಿಯಬೇಕು, ಏಕೆಂದರೆ ಅದು ಗಂಡು ಹಾರ್ಮೋನನ್ನು ಕೆಲಕಾಲ ತಗ್ಗಿಸಬಲ್ಲದು. ವೃಷಣಗಳನ್ನು ನೀವೇ ಎರಡೂ ಕೈಯಲ್ಲಿ ಮುಟ್ಟಿ ನೋಡಿ: ಒಂದು ಸಣ್ಣದಾಗಿಯೋ, ಕಲ್ಲಿನಂತೆ ಗಟ್ಟಿಯಾಗಿಯೋ, ಬಿಸಿಯಾಗಿಯೋ ಇದ್ದರೆ ಎರಡೂವರೆ ತಿಂಗಳು ಕಾಯದೆ ತೋರಿಸಿ.

ನಾಟಿ ತಳಿಗಳಿಗೆ ಈ ರೋಗ ಮಿಶ್ರತಳಿಗಳಷ್ಟು ತೀವ್ರವಾಗಿ ತಾಗುವುದು ಅಪರೂಪ. ನಿಮ್ಮ ಹೋರಿ ನೆಲಕಚ್ಚಿತ್ತೆಂದರೆ ಕೊಟ್ಟಿಗೆಯಲ್ಲಿ ಉಣ್ಣೆ ಬಹಳವಿರಬೇಕು. ಗೋಡೆಯ ಬಿರುಕುಗಳನ್ನು ಮುಚ್ಚಿ, ಔಷಧ ಸಿಂಪಡಿಸಿ. ತರಡಿನ ಚೀಲದ ಹಿಂಬದಿಯ ಮಡಿಕೆಯಲ್ಲಿ ಕಚ್ಚಿಕೊಂಡಿರುವ ಉಣ್ಣೆಗಳನ್ನು ಕಿತ್ತೆಳೆದು ಗಾಯ ಮಾಡಬೇಡಿ, ಅಲ್ಲಿಗೆ ನೀರು ಬೆರೆಸದ ಔಷಧವನ್ನಂತೂ ಹಚ್ಚಲೇಬೇಡಿ. ಚರ್ಮ ಸುಟ್ಟು ಊದಿಕೊಂಡರೆ ವೃಷಣಗಳಿಗೆ ಮತ್ತೆ ಅದೇ ಶಾಖ ತಗಲುತ್ತದೆ.