ಗರಡಿ ಬಿಟ್ಟು ಪ್ರೊ ರೆಸ್ಲಿಂಗ್‌ಗೆ ಹೋಗಲಾ? ಟ್ಯಾಗ್ ಟೀಮ್ ಆದರೆ ಪೆಟ್ಟು ಕಡಿಮೆ ಅಲ್ವಾ?

ನೀನು ಬರೆದು ಕೇಳಿದ್ದನ್ನು ಓದಿದೆ: 22 ವಯಸ್ಸು, ಶಿವಮೊಗ್ಗ, ಎಂಟು ವರ್ಷದ ಗರಡಿ, ಜೊತೆಗೊಬ್ಬ ಫ್ರೆಂಡ್. ಇಬ್ಬರೂ ಜಲಂಧರ್ ಕಡೆ ಹೋಗಿ ಟ್ಯಾಗ್ ಟೀಮ್ (ಇಬ್ಬರ ಜೋಡಿ, ಒಬ್ಬ ರಿಂಗಿನೊಳಗೆ ಆಡುವುದು, ಇನ್ನೊಬ್ಬ ಹೊರಗೆ, ಕೈ ತಾಗಿಸಿ ಬದಲಾಗುವುದು) ಆಗುವ ಯೋಚನೆ, ಇಲ್ಲಾಂದ್ರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್‌ನಲ್ಲಿ ಕೋರ್ಸ್ ಮಾಡಿ ಕೋಚ್ ಆಗುವುದು. ವಯಸ್ಸೊಂದು ಬಿಟ್ಟರೆ ಇದು 2015ರ ನಾನೇ. ನೀನು ಚಿಕ್ಕವನು, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ ತಮ್ಮಾ.

ನನ್ನ ಊರು ತೀರ್ಥಹಳ್ಳಿ ಹತ್ತಿರ. ಹೈಸ್ಕೂಲಿಗೆ ಅಂತ ಶಿವಮೊಗ್ಗದಲ್ಲಿ ಸೋದರಮಾವನ ಮನೆ ಸೇರಿದೆ. ಎರಡು ಬೀದಿ ಆಚೆ ಗರಡಿಮನೆ. ಬೆಳಿಗ್ಗೆ 5ಕ್ಕೆ ಮಟ್ಟಿ (ಕುಸ್ತಿ ಆಡುವ ಮಣ್ಣು) ಅಗೆಯುವುದು, ದಂಡ, ಬಸ್ಕಿ, ಆಮೇಲೆ ಜೋರು, ಅಂದರೆ ಜೊತೆಯವರ ಮೇಲೆ ಕುಸ್ತಿ ಅಭ್ಯಾಸ. ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ. ಎರಡೂ ಕಡೆ ಜಂಗಿ ಕುಸ್ತಿ ಆಡಿದ್ದೇನೆ. ಗೆದ್ದ ಒಂದು ಬೆಳ್ಳಿ ಕಡಗ ಈಗಲೂ ಅಮ್ಮನ ಟ್ರಂಕಿನಲ್ಲಿದೆ.

2007ರಲ್ಲಿ ಖಲಿ ಡಬ್ಲ್ಯುಡಬ್ಲ್ಯುಇಯ ವರ್ಲ್ಡ್ ಹೆವಿವೇಟ್ ಬೆಲ್ಟ್ ಗೆದ್ದಾಗ ಗರಡಿ ಹುಡುಗರೆಲ್ಲ ಒಂದು ಮನೆಯ ಟಿವಿ ಮುಂದೆ ಕೂತಿದ್ದೆವು. ನಮ್ಮ ಉಸ್ತಾದರು ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಿ, "ಬೆನ್ನು ಬಿದ್ದವನು ಎದ್ದು ಮತ್ತೆ ಆಡ್ತಾನಲ್ರೋ, ಇದೆಂಥ ಕುಸ್ತಿ ಮಾರಾಯ" ಅಂದು ಹೋದರು. ನಾವು ನಕ್ಕೆವು. ಆ ಮಾತು ನನ್ನ ಮೊಣಕೈಯಲ್ಲಿ ಕೂತಿದೆ ಅಂತ ಆಗ ಗೊತ್ತಿರಲಿಲ್ಲ.

2015ರಲ್ಲಿ ಖಲಿ ಜಲಂಧರಿನಲ್ಲಿ ಸಿಡಬ್ಲ್ಯುಇ ಅನ್ನುವ ಪ್ರೊ ರೆಸ್ಲಿಂಗ್ ಸಂಸ್ಥೆ ಶುರು ಮಾಡಿದ ಸುದ್ದಿ ಬಂತು. ನನ್ನ ತಲೆ ಕೆಟ್ಟಿದ್ದು ಆಗಲೇ. ಆದರೆ ನಾವು ಸೇರಿದ್ದು ಅದಲ್ಲ, ಉತ್ತರದಲ್ಲೇ ಬೇರೆ ಒಂದು ಚಿಕ್ಕ ತಂಡ. ಹೆಸರು ಬೇಡ, ಈಗ ಅದು ಇಲ್ಲವೂ ಇಲ್ಲ. ಅಪ್ಪ ಎರಡು ಕ್ವಿಂಟಲ್ ರಾಶಿ ಅಡಿಕೆ ಮಾರಿ ಟ್ರೇನಿಂಗ್ ಫೀಸು ಕೊಟ್ಟರು. ನನ್ನ ಗರಡಿ ಗೆಳೆಯನೊಬ್ಬ ಭದ್ರಾವತಿಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದ. ಅದನ್ನು ಬಿಡಿಸಿ ಕರೆದುಕೊಂಡು ಹೋದವನು ನಾನೇ. ಬೆಂಗಳೂರಿಂದ ಕರ್ನಾಟಕ ಎಕ್ಸ್‌ಪ್ರೆಸ್, ಎರಡು ರಾತ್ರಿ. ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ ಎರಡನೇ ದಿನಕ್ಕೆ ಚಕ್ಕಳವಾಗಿತ್ತು. ಆದರೂ ಬಿಡದೆ ತಿಂದೆವು.

ಗರಡಿಯಲ್ಲಿ 'ಜೋಡಿ' ಅಂದರೆ ಯಾರು? ನಿನ್ನ ಎದುರಾಳಿ. ಜೋಡಿ ಕಟ್ಟುವುದು ಅಂದರೆ ನಿನ್ನ ತೂಕಕ್ಕೆ, ತಾಕತ್ತಿಗೆ ಸರಿಯಾದವನನ್ನು ನಿನ್ನ ಎದುರು ನಿಲ್ಲಿಸುವುದು. ಪ್ರೊ ರೆಸ್ಲಿಂಗ್ ರಿಂಗಿನಲ್ಲಿ ಜೋಡಿ ಅಂದರೆ ನಿನ್ನ ಮೂಲೆಯಲ್ಲಿ ನಿಂತವನು. ಪದ ಒಂದೇ, ಅರ್ಥ ಉಲ್ಟಾ. ನಮ್ಮಿಬ್ಬರಿಗೆ ಇದು ತಲೆಗೆ ಇಳಿಯುವುದಕ್ಕೇ ಆರು ತಿಂಗಳು ಬೇಕಾಯಿತು. ತಂಡದವರು ನಮಗೆ ಇಟ್ಟ ಹೆಸರಲ್ಲಿ 'ಮದ್ರಾಸ್' ಅಂತ ಇತ್ತು. ನಮ್ಮೂರು ಅದಲ್ಲ ಅಂದರೆ, ಇಲ್ಲಿ ಯಾರಿಗೆ ಗೊತ್ತಾಗುತ್ತೆ ಅಂದರು.

ಈಗ ನಿನ್ನ ಮುಖ್ಯ ಮಾತಿಗೆ ಬರುತ್ತೇನೆ. "ಟ್ಯಾಗ್ ಟೀಮ್‌ನಲ್ಲಿ ಅರ್ಧ ಹೊತ್ತು ಹೊರಗೆ ನಿಂತಿರ್ತಾರೆ, ಪೆಟ್ಟೂ ಅರ್ಧ" ಅಂತ ಬರೆದಿದ್ದೀಯಲ್ಲ, ಅದು ತಪ್ಪು ಲೆಕ್ಕ. ಹೊರಗೆ ನಿಂತವನು ಮೂಲೆಗೆ ಕಟ್ಟಿದ ಗೇಣುದ್ದದ ಹಗ್ಗ ಹಿಡಿದು ಸುಮ್ನೆ ನಿಂತಿರುವುದಿಲ್ಲ. ಒಳಗೆ ನಿನ್ನ ಜೋಡಿ ಆರೇಳು ನಿಮಿಷ ಹೊಡೆತ ತಿನ್ನುತ್ತಿರುತ್ತಾನೆ. ನೀನು ಕಾಲು ಬಡಿದು, ಕೂಗಿ, ಜನರನ್ನು ಎಬ್ಬಿಸಬೇಕು. ಅವನು ಬೀಳುವುದು ಹೇಗೆ, ಉಸಿರು ಎಷ್ಟಿದೆ, ಎಲ್ಲ ಕಣ್ಣಲ್ಲೇ ಅಳೆಯಬೇಕು. ಕೈ ತಾಗಿದ ಮೇಲೆ ರೆಫರಿ ಐದು ಎಣಿಸುವಷ್ಟರಲ್ಲಿ ಹಳಬ ಹೊರಗೆ ಹೋಗಬೇಕು. ಆ ಐದು ಎಣಿಕೆಯೊಳಗೇ ಇಬ್ಬರೂ ಸೇರಿ ಮಾಡುವ ದೊಡ್ಡ ಪಟ್ಟುಗಳೆಲ್ಲ. ದುಡ್ಡು ಮಾತ್ರ ಅರ್ಧ. ನಮಗೆ ಒಂದು ಶೋಗೆ ಇಬ್ಬರಿಗೂ ಸೇರಿ 3000 ರೂಪಾಯಿ ಕೊಡುತ್ತಿದ್ದರು.

ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನ, ಅದು ನಿನಗೂ ಗೊತ್ತು. ಆದರೆ ರಿಂಗ್ ಒಳಗೆ ಹಾಸಿಗೆ ಇಲ್ಲ. ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ತೆಳ್ಳಗೆ ಫೋಮು, ಮೇಲೆ ಕ್ಯಾನ್ವಾಸು. ಮೊದಲ ದಿನದಿಂದ ಕಲಿಸುವುದು ಬೀಳುವುದನ್ನೇ. ಗದ್ದ ಎದೆಗೆ ಒತ್ತಿಕೊಂಡು, ಎರಡು ಕೈ ಅಗಲಿಸಿ ಅಂಗೈಯಿಂದ ಬಡಿದು, ಪೂರ್ತಿ ಬೆನ್ನು ಒಟ್ಟಿಗೇ ಊರಬೇಕು. ಅದಕ್ಕೆ ಬಂಪ್ ಅನ್ನುತ್ತಾರೆ. ಪೆಟ್ಟು ಬೆನ್ನ ತುಂಬ ಹರಡಿದರೆ ಬದುಕಿದೆ, ಒಂದೇ ಕೀಲಿಗೆ ಬಿದ್ದರೆ ಮುಗಿಯಿತು. ನಮ್ಮಂಥವರಿಗೆ ತೊಂದರೆ ಇಲ್ಲೇ. ಹತ್ತಾರು ವರ್ಷ ಬೆನ್ನು ಮಣ್ಣಿಗೆ ತಾಗಬಾರದು ಅಂತ ಒದ್ದಾಡಿದ ಮೈ ಅದು. ಎತ್ತಿ ಒಗೆದ ತಕ್ಷಣ ಗಾಳಿಯಲ್ಲೇ ಹೊರಳಿ ಕೈ ಊರುತ್ತದೆ. ಗರಡಿಗೆ ಹೋಗದ ಹುಡುಗರು ನಮಗಿಂತ ಬೇಗ ಕಲಿತರು. ನಂಬು.

ಮೂರು ವರ್ಷ ಚೆನ್ನಾಗಿಯೇ ನಡೆಯಿತು. 2018ರ ನವೆಂಬರಿನಲ್ಲಿ ಒಂದು ಬಯಲು ಶೋ. ರಾತ್ರಿ ಮಂಜು ಬಿದ್ದು ಕ್ಯಾನ್ವಾಸು ಒದ್ದೆ. ಎದುರಿನವನು ನಮ್ಮ ಢಾಕ್ ಥರದ್ದೇ ಒಂದು ಎಸೆತ ಹಾಕಿದ. ಕಾಲು ಜಾರಿತು, ಮೈ ಹೆದರಿತು, ಎಡಗೈ ಊರಿತು. ಮೊಣಕೈ ಒಮ್ಮೆ ಹೊರಗೆ ಹೋಗಿ ತಾನೇ ಒಳಗೆ ಬಂತು. ಕಿವಿಯಲ್ಲಿ ಕೇಳಿದ ಹಾಗಾಯಿತು.

ಇದನ್ನು ತಪ್ಪು ಅಂತ ನಾನು ಲೆಕ್ಕ ಹಾಕುವುದಿಲ್ಲ. ಯಾರಿಗಾದರೂ ಆಗುತ್ತದೆ. ತಪ್ಪು ಆಮೇಲಿನ 11 ದಿನದ್ದು. ಅದನ್ನು ಬಿಡಿಸಿ ಹೇಳುತ್ತೇನೆ, ಉದ್ದ ಆದರೂ ಓದು.

ನಾನು ಜೋಡಿಗೆ ಹೇಳಲಿಲ್ಲ. ಅಷ್ಟೇ. ಆದರೆ ಅಷ್ಟೇ ಅಂದರೆ ಅರ್ಥವಾಗುವುದಿಲ್ಲ, ಯಾಕೆಂದರೆ ಹೇಳದೇ ಇರುವುದು ಒಂದೇ ಸಲ ಮಾಡುವ ಕೆಲಸವಲ್ಲ, ದಿನಾ ಮಾಡಬೇಕು. ಮೊದಲ ರಾತ್ರಿ ಊದಿದ ಕೈಯನ್ನು ರಗ್ಗಿನೊಳಗೆ ಇಟ್ಟು ಮಲಗಿದೆ. ಒಂದೇ ರೂಮು, ಅವನ ಚಾಪೆ ಎರಡು ಅಡಿ ಆಚೆ. ಮರುದಿನದಿಂದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸಾಸಿವೆ ಎಣ್ಣೆ ಹಚ್ಚಿ ಗಸಗಸ ತಿಕ್ಕಿದೆ. ಗರಡಿ ಬುದ್ಧಿ ಅಲ್ವಾ, ನೋವಿದ್ದಲ್ಲಿ ತಿಕ್ಕುವುದು. ಮೊಣಕೈ ಕೀಲು ತಪ್ಪಿದಾಗ ತಿಕ್ಕಲೇಬಾರದಂತೆ. ತಿಕ್ಕಿದರೆ ಮಾಂಸಖಂಡದೊಳಗೆ ಮೂಳೆ ಬೆಳೆಯಬಹುದು ಅಂತ ಎಲುಬಿನ ಡಾಕ್ಟರು ಎಕ್ಸ್‌ರೇ ತೋರಿಸಿ ಬೈದರು. ನನಗೆ ಬೆಳೆದಿದೆ. ಇದೊಂದನ್ನಾದರೂ ನಿನ್ನ ಗರಡಿಯಲ್ಲಿ ಎಲ್ಲರಿಗೂ ಹೇಳು.

ನಮ್ಮಿಬ್ಬರದ್ದು ಒಂದು ಪಟ್ಟು ಇತ್ತು. ನಾನು ಬಗ್ಗಿ, ಎರಡೂ ಕೈಯ ಬೆರಳು ಹೆಣೆದು ಮೊಣಕಾಲಿನ ಎತ್ತರಕ್ಕೆ ಹಿಡಿಯುತ್ತೇನೆ. ಅವನು ಓಡಿ ಬಂದು ನನ್ನ ಅಂಗೈ ಮೇಲೆ ಕಾಲಿಡುತ್ತಾನೆ. ನಾನು ಮೇಲಕ್ಕೆ ಎಸೆಯುತ್ತೇನೆ. ಅವನು ಹಾರಿ, ಮಲಗಿದವನ ಮೇಲೆ ಬೀಳುತ್ತಾನೆ. ಜನ ಅದಕ್ಕೇ ಕಾಯುತ್ತಿದ್ದರು. ಆ 11 ದಿನ ಪ್ರಾಕ್ಟೀಸಿನಲ್ಲಿ ಅದು ಬಂದಾಗಲೆಲ್ಲ "ಇದು ಬಾಯಿಪಾಠ ಆಗಿದೆ, ಬೇರೆದು ಮಾಡೋಣ" ಅಂದು ತಪ್ಪಿಸಿದೆ. ಅವನಿಗೆ ಅನುಮಾನ ಬಂದಿತ್ತು. ಶೋ ದಿನ ಮಣಿಕಟ್ಟಿಗೆ ಟೇಪ್ ಸುತ್ತುವಾಗ ನನ್ನ ಎಡಗೈ ನೋಡಿ, "ಎಲ್ಲ ಸರಿ ಉಂಟಲ್ಲ?" ಅಂದ. ನಾನು "ಹೂಂ" ಅಂದೆ. ಟೇಪನ್ನು ಹಲ್ಲಲ್ಲಿ ಕಚ್ಚಿ ಹರಿದು, ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ. ಆ ಹೆಬ್ಬೆರಳ ಒತ್ತು ಈಗಲೂ ನೆನಪಿದೆ.

ಆ ದಿನ ಟಿವಿಯವರು ಯಾರೋ ನೋಡಲು ಬರುತ್ತಾರೆ ಅಂದಿದ್ದರು. ಬರಲಿಲ್ಲ, ಅದು ಬೇರೆ ಮಾತು. ಅವನು ಓಡಿ ಬಂದ, ಕಾಲಿಟ್ಟ, ನಾನು ಎಸೆದೆ. ಬಲಗೈ ಎದ್ದಿತು, ಎಡಗೈ ಅರ್ಧಕ್ಕೇ ನಿಂತಿತು. ಅವನು ಗಾಳಿಯಲ್ಲಿ ಎಡಕ್ಕೆ ವಾಲಿ ಹೆಗಲ ಮೇಲೆ ಬಿದ್ದ. ಕಾಲರ್ ಬೋನ್ ಮುರಿಯಿತು. ಜನ ಚಪ್ಪಾಳೆ ಹೊಡೆದರು, ಆಟದ ಭಾಗ ಅಂದುಕೊಂಡು.

ಮೂಳೆ ಮೂರು ತಿಂಗಳಲ್ಲಿ ಕೂಡಿಕೊಂಡಿತು. ನಮ್ಮ ಜೋಡಿ ಕೂಡಲಿಲ್ಲ. ಮೊಣಕೈ ವಿಷಯ ಅವನಿಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ, ಅದೂ ಬೇರೆಯವರ ಬಾಯಲ್ಲಿ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಒಬ್ಬನೇ ಟಿಕೆಟ್ ಮಾಡಿಸಿಕೊಂಡು ಊರಿಗೆ ಹೊರಟ. ನಾನು ಇನ್ನೂ ಐದು ತಿಂಗಳು ಒಂಟಿಯಾಗಿ, ಎಲ್ಲರ ಕೈಯಲ್ಲಿ ಸೋಲುವ ಪಾತ್ರ ಮಾಡಿಕೊಂಡು ಇದ್ದೆ. ಆಮೇಲೆ ವಾಪಸ್ ಬಂದೆ.

ಯಾಕೆ ಹೇಳಲಿಲ್ಲ ಅಂತ ಬಹಳ ಸಲ ಯೋಚಿಸಿದ್ದೇನೆ. ಅವನು ಫ್ರೆಂಡ್ ಆಗಿದ್ದಕ್ಕೇ ಹೇಳಲಿಲ್ಲ. ಕೆಲಸ ಬಿಡಿಸಿ ಕರೆತಂದವನು ನಾನು, ನನ್ನಿಂದ ಶೋ ಹೋಯಿತು ಅನ್ನಲು ನಾಚಿಕೆ. ಜೊತೆಗೆ ಯಾರೋ ಹರಿಯಾಣದ ಹುಡುಗ ಇದ್ದಿದ್ದರೆ, "ಭಾಯ್, ಕೈ ಹೋಗಿದೆ, ಆ ಪಟ್ಟು ಬೇಡ" ಅಂತ ಅರ್ಧ ನಿಮಿಷದಲ್ಲಿ ಹೇಳಿರುತ್ತಿದ್ದೆ. ಹಾಗಾಗಿ ನನ್ನ ಸಲಹೆ ನಿನಗೆ ಹಿಡಿಸಲಿಕ್ಕಿಲ್ಲ: ಹೋಗುವುದಾದರೆ ಹೋಗು, ಫ್ರೆಂಡನ್ನು ಕರೆದುಕೊಂಡು ಹೋಗಬೇಡ. ಅಲ್ಲಿ ಯಾರನ್ನು ಜೋಡಿ ಮಾಡುತ್ತಾರೋ ಅವನ ಜೊತೆ ಆಡು. ಮೊದಲ ಆರು ತಿಂಗಳು ಬೀಳುವುದು ಬಿಟ್ಟು ಬೇರೇನೂ ಕೇಳಬೇಡ. ಕಡಗ ಗೆದ್ದಿದ್ದೀನಿ ಅನ್ನುವುದನ್ನು ಮನೆಯಲ್ಲೇ ಇಟ್ಟು ಹೋಗು. ಎನ್‌ಐಎಸ್ ಬಗ್ಗೆ ನಾನೇನು ಹೇಳಲಿ, ಒಳ್ಳೆ ಕೋರ್ಸು, ಸರ್ಟಿಫಿಕೇಟಿಗೆ ಬೆಲೆ ಇದೆ. ಆದರೆ ಪೆಟ್ಟಿಗೆ ಹೆದರಿ ಅಲ್ಲಿಗೆ ಹೋಗುವುದಾದರೆ ಬೇಡ. ಹೆದರಿ ಬಂದ ಕೋಚನ್ನು ಹುಡುಗರು ಒಂದೇ ವಾರದಲ್ಲಿ ಗುರುತು ಹಿಡಿಯುತ್ತಾರೆ.

ನಾನೀಗ ತೋಟ ನೋಡಿಕೊಂಡಿದ್ದೇನೆ. ಅಡಿಕೆ ಕೊಯ್ಲಿನಲ್ಲಿ ಮರ ಹತ್ತಿದವನು ಹಗ್ಗದಲ್ಲಿ ಗೊನೆ ಜಾರಿಬಿಡುತ್ತಾನಲ್ಲ, ಕೆಳಗೆ ಆ ಹಗ್ಗ ಹಿಡಿಯುವುದು ನನ್ನ ಕೆಲಸ. ಬಲಗೈಯಲ್ಲೇ. ಎಡಗೈ ಪೂರ್ತಿ ನೆಟ್ಟಗಾಗುವುದಿಲ್ಲ.

ಹೋದ ಮೇ ತಿಂಗಳಲ್ಲಿ ತೋಟದ ಸುತ್ತ ಅಗಳ ಹೊಡೆಸಲು ಜೆಸಿಬಿ ಬೇಕು ಅಂತ ಹೊಸನಗರ ಕಡೆಯವರೊಬ್ಬರಿಗೆ ಫೋನ್ ಮಾಡಿದ್ದೆ. ಗಾಡಿ ಓಡಿಸಿಕೊಂಡು ಬಂದವನು ಅವನೇ. ಇಬ್ಬರಿಗೂ ಏನು ಮಾತಾಡಬೇಕು ಗೊತ್ತಾಗಲಿಲ್ಲ. ಮಧ್ಯಾಹ್ನದವರೆಗೆ ಮಣ್ಣು ತೆಗೆದ. ಊಟಕ್ಕೆ ಕರೆದೆ, ಬಂದ. ಚೊಂಬು ಕೊಡಲು ಎಡಗೈ ಚಾಚಿದೆ, ಎಂದಿನಂತೆ ಅದು ಅರ್ಧಕ್ಕೇ ನಿಂತಿತು. ಅವನು ಅದನ್ನೇ ನೋಡಿದ.

"ನೋವುಂಟಾ?"

"ಉಂಟು" ಅಂದೆ.

ಅವನು ಚೊಂಬು ತೆಗೆದುಕೊಂಡು ಕೈ ತೊಳೆಯಲು ಅಂಗಳಕ್ಕೆ ಇಳಿದ.