ಅಟ್ಟದ ಮೇಲಿನ ಕಾಸರಗೋಡು

ಕಾಸರಗೋಡಿನ ಹಳೇ ಬದುಕು ನೋಡಬೇಕಾದರೆ ಎಲ್ಲಿಗೆ ಹೋಗಬೇಕು ಅಂತ ಕೇಳಿದಿರಲ್ಲ. ಬೇಕಲ ಕೋಟೆ ನೋಡಿ, ಚೆಂದ ಇದೆ. ಆದರೆ ನಮ್ಮ ಹಿರಿಯರು ಏನು ಉಂಡರು, ಹೇಗೆ ದುಡಿದರು ಅನ್ನುವುದು ಕೋಟೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಯಾರದ್ದಾದರೂ ಹಳೇ ಮನೆಯ ಅಟ್ಟ ಹತ್ತಬೇಕು.

ನಮ್ಮ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ತುಂಬ ಅಜ್ಜನ ಗೇಣಿ ಚೀಟಿಗಳು. ಅಜ್ಜ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಂತ ಧಣಿಗಳ ಮನೆಗೆ ಹೊರಬೇಕಿತ್ತು. ಮುಡಿ ಅಂದರೆ ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಬಡಿದು ಉರುಟು ಮಾಡಿದ ಕಟ್ಟು. ನಮ್ಮ ಕಡೆಯ ಲೆಕ್ಕದಲ್ಲಿ ಮೂರು ಕಳಸೆಗೆ, ಅಂದರೆ 42 ಸೇರಿಗೆ ಒಂದು ಮುಡಿ. ಸರಿಯಾಗಿ ಕಟ್ಟಿದರೆ ಮಳೆಗಾಲ ಪೂರ್ತಿ ಅಕ್ಕಿ ಹಾಳಾಗುತ್ತಿರಲಿಲ್ಲ. ಮುಡಿ ಕಟ್ಟಲು ಬಲ್ಲವರು ಈಗ ನಮ್ಮ ಊರಲ್ಲಿ ಒಬ್ಬರೋ ಇಬ್ಬರೋ. ಅವರ ಕೈ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಗಡಿಯ ಕಥೆಯೂ ಬಂತು. ಮೊದಲಿನವುಗಳಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ’ ಅಂತ ಇದೆ. ಆಗ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಆಮೇಲಿನ ಚೀಟಿಗಳಲ್ಲಿ ‘ಕಣ್ಣಾನೂರು ಜಿಲ್ಲೆ’. ಅಕ್ಷರ ಮಾತ್ರ ಅದೇ ಕನ್ನಡ, ಗದ್ದೆ ಅದೇ, ಮುಡಿಯ ಲೆಕ್ಕವೂ ಅದೇ. 1970ರ ನಂತರ ಚೀಟಿಗಳೇ ಇಲ್ಲ. ಆ ವರ್ಷದ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು, ಗೇಣಿಗೆ ಮಾಡುತ್ತಿದ್ದವರಿಗೆ ಜಾಗದ ಹಕ್ಕು ಸಿಕ್ಕಿತು. ಗಡಿ ಬದಲಾದದ್ದು ಅಜ್ಜಿಗೆ ಅಷ್ಟಾಗಿ ನೆನಪಿರಲಿಲ್ಲ. ಅಕ್ಕಿ ಹೊರುವುದು ನಿಂತ ವರ್ಷ ಮಾತ್ರ ಚೆನ್ನಾಗಿ ನೆನಪಿತ್ತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಕಾಸರಗೋಡು ಅಂದ ಕೂಡಲೇ ಹೊರಗಿನವರು ಭಾಷೆಯ ಜಗಳವನ್ನೇ ಕೇಳುತ್ತಾರೆ. ಆ ನೋವು ನಮಗೂ ಇದೆ. ಅದರ ಜೊತೆಗೆ ಈ ಪೆಟ್ಟಿಗೆಯೂ ಇದೆ.

ಅಟ್ಟದ ಇನ್ನೊಂದು ಮೂಲೆಯಲ್ಲಿ ಅಡಿಕೆ ಹಾಳೆಯ ಟೊಪ್ಪಿ. ತುಳುವಿನಲ್ಲಿ ಮುಟ್ಟಾಳೆ, ಮಲಯಾಳದಲ್ಲಿ ಪಾಳತ್ತೊಪ್ಪಿ. ಒಂದೇ ಗದ್ದೆಯಲ್ಲಿ ಮೂರು ಹೆಸರಿನ ಒಂದೇ ಟೊಪ್ಪಿ ಹಾಕಿಕೊಂಡು ದುಡಿದವರು ನಾವು. ನೀವು ಇಂಥದ್ದನ್ನು ಫೋಟೋ ತೆಗೆದು ದಾಖಲೆ ಮಾಡುವುದಾದರೆ ದಯವಿಟ್ಟು ಮೂರೂ ಹೆಸರು ಬರೆಯಿರಿ.

ಪಿಕ್ಕಾಸು ಕಂಡರೆ ಅದು ಯಾವ ಕೆಲಸದ್ದು ಅಂತ ಕೇಳಿ. ನಮ್ಮ ಮನೆಯದ್ದು ಸುರಂಗ ತೋಡಿದ್ದು. ಬಾಯಾರು, ಪಡ್ರೆ ಕಡೆ ಗುಡ್ಡದ ಮುರಕಲ್ಲಿನೊಳಗೆ (ಕೆಂಪು ಕಲ್ಲಿನೊಳಗೆ) ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆದು ನೀರು ಹುಡುಕುತ್ತಿದ್ದರು. ಒಳಗೆ ದೀಪ ಆರಿದರೆ ಗಾಳಿ ಸಾಲದು ಅಂತ ಅರ್ಥ, ಹೊರಗೆ ಬರಬೇಕು. ಸಿಕ್ಕಿದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ, ಅಂದರೆ ಉದ್ದದ ದೋಣಿಯಲ್ಲಿ, ಪಂಪಿಲ್ಲದೆ ತಾನಾಗಿ ಹರಿದು ಬರುತ್ತಿತ್ತು. ಹಲವು ಮನೆಗಳಲ್ಲಿ ಈಗಲೂ ಅದೇ ನೀರು. ಈ ಕಥೆ ಗೊತ್ತಿಲ್ಲದೆ ನೋಡಿದರೆ ಅದು ಸುಮ್ನೆ ಒಂದು ತುಕ್ಕು ಹಿಡಿದ ಕಬ್ಬಿಣ, ಅಲ್ವಾ?

ಫೋಟೋಗಳು ನಮ್ಮಲ್ಲಿ ಕಡಿಮೆ. ಹಳೆಯವು ಬೇಕಾದರೆ ಬಾಸೆಲ್ ಮಿಷನ್ ಸಂಗ್ರಹ ನೋಡಿ. ಅವರು 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಷನರಿಗಳು. ಹಂಚಿನ ಕಾರ್ಖಾನೆ, ನೇಯ್ಗೆ, ಶಾಲೆ ಮಕ್ಕಳು ಎಲ್ಲ ಅದರಲ್ಲಿ ಸಿಗುತ್ತವೆ. ಸಂಗ್ರಹ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಮೊಬೈಲಿನಲ್ಲೇ ನೋಡಬಹುದು. ಹತ್ತಿರದಲ್ಲೇ ಬೇಕಾದರೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋಗಿ. ಹಳೇ ಮನೆಬಳಕೆಯ ವಸ್ತುಗಳನ್ನು ಅಲ್ಲಿ ಕೂಡಿಟ್ಟಿದ್ದಾರೆ. ಹೋಗುವಾಗ ವಯಸ್ಸಾದವರನ್ನು ಜೊತೆಗೆ ಕರಕೊಂಡು ಹೋಗಿ. ನಾನು ದೊಡ್ಡಮ್ಮನ ಜೊತೆ ಇಂಥ ವಸ್ತುಗಳ ಮುಂದೆ ನಿಂತಾಗ ಒಂದು ಸೇರಿನ ಪಾತ್ರೆಗೇ ಅರ್ಧ ಗಂಟೆಯ ಕಥೆ ಬಂತು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇನೆ.

ನಮ್ಮಲ್ಲಿಗೆ ಬರುವುದಾದರೆ ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ ಬನ್ನಿ. ಹೊರಗೆ ಮಳೆ ಜಾಸ್ತಿ, ಕೆಲಸ ಕಡಿಮೆ. ಗುಳಿಗಳಲ್ಲಿ ಕಾಳು ಹಾಕಿ ಆಡುವ ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಆಗಲೇ. ಹದಿನಾಲ್ಕು ಗುಳಿಗಳಿಗೆ ಬೇಕಾದ ಕೆಂಪು ಮಂಜೊಟ್ಟಿ ಕಾಳು ದೊಡ್ಡಮ್ಮನ ಡಬ್ಬಿಯಲ್ಲಿ ಇದೆ.